ಹನ್ನೊಂದನೇ ನಿಮಿಷ

ಹೃದಯದ ನಾಲ್ಕು ಕೋಣೆಗಳನ್ನು
ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡಿದೆ.
ಹನ್ನೊಂದನೇ ನಿಮಿಷಕ್ಕೆ ಕೆಟಲ್ ಕೂಗುತ್ತದೆ.
"ಅರ್ಥವಾಯಿತಾ?" ಎಂದು ಕೇಳುತ್ತೇನೆ;
ಫ್ರಿಜ್ಜು ಹೂಂಗುಟ್ಟುತ್ತದೆ.

ಡಂಡೀ. ಬೆಳಿಗ್ಗೆ ಒಂಬತ್ತು. ಟೇ ನದಿಯ ಮೇಲೆ ಇನ್ನೂ ಮಬ್ಬು.
ನರ್ಸಿಂಗ್ ಕ್ಲಾಸಿನಲ್ಲಿ ಈಗ ನಾನು ಪಾಠ ಹೇಳುವುದಿಲ್ಲ,
ಮೇಜಿನಿಂದ ಮೇಜಿಗೆ ತಿರುಗುತ್ತೇನೆ, ಪಂಕ್ತಿಯಲ್ಲಿ ಬಡಿಸುವವಳ ಹಾಗೆ.
ಫಿನ್ಲೇ ಗೆಳೆಯನ ನಾಡಿ ಹಿಡಿದು ಕೂಗುತ್ತಾನೆ:
"ಉಸಿರೆಳೆದಾಗ ಬೇಗ, ಬಿಟ್ಟಾಗ ನಿಧಾನ. ಯಾಕೆ?"
ಇಪ್ಪತ್ತು ವರ್ಷ ಹಲಗೆಗೆ ಮುಖ ಮಾಡಿ ನಿಂತಿದ್ದೆ;
ಇಂಥ ಎಷ್ಟು "ಯಾಕೆ"ಗಳು
ನನ್ನ ಬೆನ್ನ ಹಿಂದೆಯೇ ಸತ್ತವೋ.

ಇಶ್ಬೆಲ್ ಮಾತ್ರ ಕೈ ಕಟ್ಟಿ ಕೂತಿದ್ದಾಳೆ.
ರಾತ್ರಿಯೆಲ್ಲ ವೃದ್ಧಾಶ್ರಮದ ಪಾಳಿ,
ಎರಡು ಮಕ್ಕಳು, ಇರುವ ಒಂದೇ ಫೋನಿನಲ್ಲಿ ಕಾರ್ಟೂನು.
ಬಸ್ಸಿನಲ್ಲಿ ನನ್ನನ್ನು ಒಂದೂವರೆ ಪಟ್ಟು ಓಡಿಸಿದಳಂತೆ.
"ಅಳಿಲಿನ ಹಾಗೆ ಮಾತಾಡ್ತಿದ್ರಿ ನೀವು.
ಎಡಗೋಣೆ ತಲುಪೋ ಮೊದಲೇ ನಿದ್ದೆ ಬಂತು."

ಪಾಠವನ್ನು ಮಗುಚಿ ಹಾಕಿದೆವು, ದೋಸೆಯ ಹಾಗೆ.
ಈ ಬದಿ ಇಲ್ಲಿ ಹದವಾಗಿ ಬೇಯುತ್ತಿದೆ.
ಆ ಬದಿ ಬೇಯಬೇಕಿದ್ದ ಮನೆಯಲ್ಲಿ
ಒಲೆ ಉಂಟೋ, ಉರಿ ಉಂಟೋ,
ಯಾರೂ ಕೇಳಲಿಲ್ಲ. ನಾನೂ.

ಅವಳ ಪಕ್ಕ ಕೂತು
ಪೇಪರ್ ಟವೆಲಿನ ಮೇಲೆ ಹೃದಯ ಬರೆಯಲು ಪೆನ್ನು ತೆಗೆದೆ.
ಅಷ್ಟರಲ್ಲಿ ನನ್ನ ಮಣಿಕಟ್ಟು ಅವಳ ಕೈಯಲ್ಲಿತ್ತು,
ಮುದುಕರನ್ನು ಮಲಗಿಸಿ ಮಲಗಿಸಿ ಪಳಗಿದ ಬೆರಳುಗಳು.
ಹನ್ನೊಂದನೇ ನಿಮಿಷದಲ್ಲಿ ಹೇಳಿದ್ದನ್ನೇ
ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

"ಶ್," ಅಂದಳು, "ಎಣಿಸ್ತಿದ್ದೀನಿ."