ಕಾಟಾ ಚೀಟಿಯ ಹಿಂಬದಿ

ನಮ್ಮ ಕಾಟಾಕ್ಕೆ ಒಂದು ಗೊತ್ತಿಲ್ಲ, ಎರಡು ಗೊತ್ತಿಲ್ಲ,
ಹತ್ತು ಹತ್ತು ಕಿಲೋ ಹೆಜ್ಜೆಯಲ್ಲೇ ಅದರ ನಡಿಗೆ.
ಹಾಗಾಗಿ ಹಾಸನದ ಸಂತೇಪೇಟೆಯ ಈ ಕೆಂಪಂಕಿ ಪೆಟ್ಟಿಗೆಯಲ್ಲಿ
ಇವತ್ತಿನವರೆಗೂ ಒಂದೇ ಒಂದು ಅವಿಭಾಜ್ಯ ಸಂಖ್ಯೆ ಬೆಳಗಿಲ್ಲ.
ಒಂಬತ್ತು ವರ್ಷ ರಾತ್ರಿ ಪಾಳಿ ಕೂತವಳು ಹೇಳುತ್ತಿದ್ದೇನೆ.

ಆಲೂಗಡ್ಡೆ ಸುಗ್ಗಿ. ಮೂರು ಗಂಟೆ.
ಖಲಂದರನ ಲಾರಿ ಬಂತು. ಕೆಎ ಹದಿಮೂರು,
ಕೊನೆಗೆ ಎಂಬತ್ತೊಂದು ತೊಂಬತ್ತೊಂದು.
ಫಲಕಕ್ಕಂಟಿದ ಮಣ್ಣು ಕೆರೆದು ನಿಂತೇಬಿಟ್ಟೆ.
‘ಏನ್ ಮೇಡಂ, ಫೈನಾ?’

ಅಲ್ಲಯ್ಯ, ಇಲ್ಲಿ ಬಾ.
ಒಂದು ಕಿಲೋದ ತೂಕದ ಕಲ್ಲು, ಪಕ್ಕ ಎರಡರದ್ದು,
ನಾಲ್ಕರದ್ದು, ಎಂಟರದ್ದು, ಇಮ್ಮಡಿಗೆ ಇಮ್ಮಡಿ,
ಹೀಗೆ ಹದಿಮೂರು ಕಲ್ಲು.
ಅಷ್ಟನ್ನೂ ಒಟ್ಟಿಗೆ ತಟ್ಟೆಗೆ ಹಾಕಿದರೆ ನಿನ್ನ ಲಾರಿ ನಂಬರು.
ಜಿಲ್ಲೆಗೆ ಹದಿಮೂರು, ನಿನಗೆ ಅದರ ಮೊತ್ತ!
ಆರ್‌ಟಿಓ ಗುಮಾಸ್ತನಿಗೆ ಗೊತ್ತಿದ್ದು ಕೊಟ್ಟನೇ?
ಇರಲಾರದು.

ಚೀಟಿ ತಿರುಗಿಸಿ ಭಾಗಿಸತೊಡಗಿದೆ.
ಎರಡಕ್ಕೆ ಒಂದು ಉಳಿಯಿತು. ಮೂರಕ್ಕೆ ಒಂದು. ಐದಕ್ಕೆ, ಏಳಕ್ಕೆ ಒಂದು.
ಹನ್ನೊಂದಕ್ಕೆ ಏಳು ಉಳಿದಾಗ ಅವನು ಬೀಡಿ ಹಚ್ಚಿದ.
ಹದಿಮೂರಕ್ಕೆ ಮತ್ತದೇ ಒಂದು,
ಬಾಗಿಲು ಹಾಕುವಾಗ ಹೊಸಿಲಿಗೆ ಸಿಕ್ಕುವ ಹರಳಿನ ಹಾಗೆ.
ಹಿಂದಿನ ಮನೆಯ ತೊಂಬತ್ತು ಧಾರಾಳಿ, ಕೇಳಿದವರಿಗೆಲ್ಲ ಸಮಪಾಲು.
ಮುಂದಿನ ಮನೆಯ ತೊಂಬತ್ತೆರಡು
ಅರ್ಧ, ಅರ್ಧದರ್ಧ ಅಂತ ಕರಗಿ ಒಂದಕ್ಕಿಳಿಯುವಂಥದ್ದು.
ನಡುವೆ ಇದು.

ಹಮಾಲಿ ದೊಳ್ಳಯ್ಯ ಎದ್ದು ಬಂದ.
ಅವನಿಗೆ ಮೂಟೆಯಲ್ಲೇ ಹೇಳಬೇಕು:
ತೊಂಬತ್ತು ಸಾಲು, ಸಾಲಿಗೆ ತೊಂಬತ್ತು ಮೂಟೆ,
ಮೇಲೊಂದು ಸಾಲು, ಮೇಲೊಂದು ಮೂಟೆ.
ಹೇಗೆ ಜೋಡಿಸಿದರೂ ಸಮ ಚೌಕಟ್ಟಿಗೆ ಬರೋದಿಲ್ಲ.
‘ಆ ಒಂದ್ ಮೂಟೆ ನನ್ ತಲೆ ಮ್ಯಾಲೇ ಇರ್ಬೇಕಾಯ್ತದೆ’ ಅಂದ.

ಎಂಬತ್ತೊಂಬತ್ತು ಕೊನೆ. ಮೂರು ಉಳಿಯಿತು.
ತೊಂಬತ್ತೊಂದರ ವರ್ಗ ಇದನ್ನು ದಾಟುತ್ತದೆ, ಇನ್ನು ಕೇಳಬೇಕಿಲ್ಲ.
ಇಪ್ಪತ್ನಾಲ್ಕು ಮಂದಿ ಕೈಚಾಚಿದರು,
ಇಪ್ಪತ್ನಾಲ್ಕು ಮಂದಿಗೂ ಸಮಪಾಲು ಸಿಗಲಿಲ್ಲ.

ಖಲಂದರ್ ಬೀಡಿ ಆರಿಸಿ ಮೆಲ್ಲಗೆ ಕೇಳಿದ:
‘ಲಾರಿಗೆ ನಾವು ಮೂವರು ಅಣ್ಣತಮ್ಮಂದಿರು.
ಮೂರಕ್ಕೆ ಒಂದು ಉಳೀತದೆ ಅಂದ್ರಲ್ಲ,
ಆ ಒಂದು ಯಾರಿಗೆ?’

ನನಗೆ ಅದಲ್ಲ, ಬೇರೆಯೇ ಹುಚ್ಚು ಹತ್ತಿತ್ತು.
ಎರಡು ಕಲ್ಲಿಗೆ ಮೂರು, ಮೂರು ಕಲ್ಲಿಗೆ ಏಳು,
ಏಳು ಕಲ್ಲಿಗೆ ನೂರಿಪ್ಪತ್ತೇಳು, ಎಲ್ಲವೂ ಒಡೆಯದವು.
ಹಾಗಾದರೆ ಈ ಲಾರಿಯ ನಂಬರಿನಷ್ಟು ಕಲ್ಲಿಟ್ಟರೆ?
ಎರಡು ಸಾವಿರದ ನಾನೂರ ಅರವತ್ತಾರು ಅಂಕಿ,
ಅದೂ ಒಡೆಯದು, ಒಡೆಯಕೂಡದು
ಅಂತ ಹೊಳೆನರಸೀಪುರದ ಫಿಲೋಮಿನಾ ಮೇಡಂಗೆ ಬರೆದೆ.

ಅವರಿನ್ನೂ ಕಾರ್ಡೇ ಬರೆಯುವವರು.
‘ಒಡೆಯುತ್ತೆ ಕಣೆ. ನಿನಗಿಂತ ಮುಂಚೆ ಎಷ್ಟೋ ಜನ ಆಸೆಪಟ್ಟಿದ್ದರು.’
ಕೆಳಗೆ, ನಡುಗುವ ಕೈಯಲ್ಲಿ, ಅದನ್ನು ನಿಶ್ಶೇಷ ಭಾಗಿಸುವ ಸಂಖ್ಯೆ:
೩೩೮೧೯೩೭೫೯೪೭೯
ವಂದನೆ ಇಲ್ಲ, ಕ್ಷೇಮ ಇಲ್ಲ.

ಹದಿನೈದು ದಿನಕ್ಕೆ ಲಾರಿ ಮತ್ತೆ ಬಂತು.
ಒಡೆಯಿತಂತೆ, ಅಂದೆ.
‘ನಮ್ದೂ ಆಯ್ತು ಮೇಡಂ. ಮಾರಿದ್ವಿ. ಇದು ಕೊನೇ ಲೋಡು.’
ನಂಬರು? ‘ಅದು ಲಾರಿ ಜೊತೆಗೇ ಹೋಗ್ತದೆ.’

ಅವನು ಇಳಿಸಿ ಹೋದ ಮೇಲೆ ಪೆಟ್ಟಿಗೆಯಲ್ಲಿ ಸೊನ್ನೆ.
ಕಾಟಾದ ಮೇಲೆ ಮಾತ್ರ ಒಂದು ಆಲೂಗಡ್ಡೆ ಬಿದ್ದಿತ್ತು.
ಬಗ್ಗಿ ಎತ್ತಿಕೊಂಡೆ.
ಸೊನ್ನೆ ಹಾಗೇ ಇತ್ತು.