ಮುಂದಿನ ಸಾಲಿಗೆ

ಫೈನಲ್ ಮುಗಿದು, ಟ್ರೋಫಿ ಮೈಸೂರಿನ ವ್ಯಾನು ಹತ್ತಿದ ಮೇಲೆ
ಬೋರಲಿಂಗನ ಅಂಗಡಿಯಲ್ಲಿ ಅರ್ಧರ್ಧ ಟೀ.
'ಹೇಳ್ಬುಡಣ್ಣೋ, ಮುಂದ್ಲ ಸಾಲ್ಗೆ ಯಾರು?'
ಇಪ್ಪತ್ತೆರಡು ವರ್ಷದಿಂದ ಇದೇ ಪ್ರಶ್ನೆ,
ಕೇಳುವವರ ಹೊಟ್ಟೆ ಮಾತ್ರ ಮುಂದೆ ಬಂದಿದೆ.

ನಾನು ಆಡಿದವನಲ್ಲ, ಸ್ಕೋರು ಬರೆದವನು.
ಹಗಲು ಸಕ್ಕರೆ ಫ್ಯಾಕ್ಟರಿಯ ತೂಕದ ಮನೆಯಲ್ಲಿ
ಕಬ್ಬಿನ ಗಾಡಿಗಳ ಲೆಕ್ಕ ಬರೆದ ಕೈಯೇ
ಸಂಜೆ ಇಲ್ಲಿ: ಎರಡು, ಮೂರು, ಫೌಲು, ಎರಡು.
ಅದಕ್ಕೇ ಇವನ ಮಾತಿಗೆ ತೂಕ, ಅನ್ನುತ್ತಾನೆ ವಾಜಿದ್,
ಪ್ರತಿ ವರ್ಷ, ಹೊಸದಾಗಿ ಹೊಳೆದವನಂತೆ.

ಸ್ಕೋರ್ ಶೀಟಿನ ಬೆನ್ನಿಗೆ ಬರೆಯುತ್ತೇನೆ.
ಒಂದನೇ ಸಾಲು ಮೈಸೂರಿನ ಗಾಜಿನ ಕಟ್ಟಡದ ಕಾಲೇಜು.
ಇದಕ್ಕೆ ಜಾತಕ ಬೇಡ. ಅವರದು ಮರದ ನೆಲ,
ಬೆಂಚಿನಲ್ಲಿ ಕೂತವರೂ ನಮ್ಮವರಿಗಿಂತ ಗೇಣು ಉದ್ದ.
ಎರಡು, ಮದ್ದೂರು: ಆ ಎಡಗೈ ಹುಡುಗ ಫೇಲಾದರೆ.
ಪಾಸಾದರೆ ಹೋದ, ಆಗ ನಾಲ್ಕು.
ಮೇಷ್ಟ್ರುಗಳೇ, ಅರ್ಥಶಾಸ್ತ್ರದ ಪೇಪರು ಸ್ವಲ್ಪ ಬಿಗಿಯಾಗಿ ತಿದ್ದಿ.
ಮಳವಳ್ಳಿಯವರು ಓಡುತ್ತಾರೆ, ಓಡುತ್ತಾರೆ,
ಬುಟ್ಟಿಯ ಕೆಳಗೆ ಬಂದು
ಬಂದ ಕೆಲಸ ಮರೆತ ನೆಂಟರಂತೆ ನಿಂತುಬಿಡುತ್ತಾರೆ.
ಹೊಸ ಕೋಚು ಮಿಲಿಟರಿಯಲ್ಲಿ ಇದ್ದವನಂತೆ. ನೋಡೋಣ.

'ನಮ್ಮ ಮಂಡ್ಯ?' ಬೋರಲಿಂಗ ಸೋಸುವ ಬಟ್ಟೆ ಹಿಡಿದೇ ನಿಂತ.
ಚೆಲುವರಾಜುವಿನ ಮಂಡಿ ಮೂರನೇ ಕ್ವಾರ್ಟರಿನಲ್ಲಿ
ಹಸಿ ಕಬ್ಬು ಮುರಿದ ಸದ್ದು ಮಾಡಿತ್ತು.
ಸದ್ದು ಬರೆಯಲು ಶೀಟಿನಲ್ಲಿ ಮನೆಯಿಲ್ಲ.
ನಾನೊಬ್ಬನೇ ಕೇಳಿದ್ದು, ಟೇಬಲ್ಲು ಹತ್ತಿರವಿತ್ತು.
ಅವನಪ್ಪ ಇಲ್ಲೇ ಲೋಟ ಊದುತ್ತಾ,
'ಎಲ್ಲಾ ನಮ್ ಹುಡುಗ್ನ ಮ್ಯಾಲೇ ಐತೆ, ಅಲ್ವರಾ?'
ಹೂಂ ಅಂದೆ.
ಆ ಸಾಲು ಖಾಲಿ ಬಿಟ್ಟೆ.

ಹುಡುಗಿಯರ ಪಟ್ಟಿ ಮೊದಲೆಲ್ಲ ಎರಡು ನಿಮಿಷದ ಕೆಲಸ.
ಪಾಂಡವಪುರ ಏಳು. ಹೋದ ಸಲ ಹಾಗೆ ಬರೆದೆದ್ದಾಗ
ಬಸ್‌ಸ್ಟಾಪಿನಲ್ಲಿ ಒಬ್ಬಳು, ಬೆರಳಿಗೆ ಪ್ಲಾಸ್ಟರು, ಅಡ್ಡ ಬಂದಳು:
'ಸಾರ್, ನಮ್ಮನ್ನ ಏಳಕ್ಕೆ ಹಾಕೀರಂತೆ. ಮ್ಯಾಚ್ ನೋಡಿದ್ರಾ?'
ನೋಡಿರಲಿಲ್ಲ. ಅವರ ಮ್ಯಾಚೂ ಏಳಕ್ಕೇ, ಬೆಳಗಿನ ಏಳು,
ಲೈಟಿನ ಖರ್ಚಿಲ್ಲದ ಹೊತ್ತು. ನಾನು ಸಂಜೆಯವನು.
ಹೆಸರು ಇಂಚರ. ನಂಬರು ಹನ್ನೊಂದು.
ಈ ಸಲ ಅವರು ಬಂದದ್ದು ಆರು.

ಅದಕ್ಕೇ ಮೊನ್ನೆ ಮಫ್ಲರು ಸುತ್ತಿಕೊಂಡು ಏಳಕ್ಕೆ ಬಂದು ಕೂತೆ.
ಇಬ್ಬನಿಗೆ ಸಿಮೆಂಟು ಜಾರುತ್ತಿತ್ತು,
ಗೋಣಿಚೀಲ ಎಳೆದಾಡಿ ತಾವೇ ಒರೆಸಿಕೊಂಡರು.
ಆರೇ ಜನ. ಬೆಂಚಿನಲ್ಲಿ ಒಬ್ಬಳು, ಐದು ನೀರಿನ ಬಾಟಲಿ.
ಫ್ಯಾಕ್ಟರಿಯ ಸಿಹಿ ವಾಸನೆ ಬುಟ್ಟಿಯ ಎತ್ತರಕ್ಕೆ ತೂಗಿತ್ತು.
ಎಡಕ್ಕೆ ನೋಡಿ ಬಲಕ್ಕೆ ಕೊಟ್ಟಳು ಇಂಚರ,
ಕಾಯುತ್ತಿದ್ದವಳು ಎಡಕ್ಕೆ ಹಾರಿದಳು,
ನನ್ನ ಪೆನ್ನೂ.
ಹತ್ತೊಂಬತ್ತು ಪಾಯಿಂಟಿನಿಂದ ಸೋತರು.
ಕೊನೆಯ ನಿಮಿಷದಲ್ಲೂ ಒಬ್ಬಳೂ ನಡೆಯಲಿಲ್ಲ, ಓಡಿದರು.

'ಬರ್ದ್ ಮುಗ್ಸಣ್ಣ, ಬಾಗ್ಲಾಕ್ಬೇಕು.'
ಎಣಿಸಿದೆ: ಒಬ್ಬಳಿಗೆ ಬಿ.ಎಡ್. ಸೀಟು, ಒಬ್ಬಳಿಗೆ ಗಾರ್ಮೆಂಟ್ಸು,
ಉಳಿದವರು ನಾಲ್ಕು. ಜೂನಿನಲ್ಲಿ ಯಾರು ಸೇರುತ್ತಾರೋ.
ಕರುಣೆಗೆ ಒಂದು ಕೆಜಿ ಜಾಸ್ತಿ ಬರೆದವನಲ್ಲ ನಾನು.
ಮುಳ್ಳು ನಿಲ್ಲುವವರೆಗೆ ಕಾದೆ.
ಐದು.

ಕೊನೆ ಬಸ್ಸಿಗೆ ನಿಂತಿದ್ದಳು. ಹಾಳೆ ಕೊಟ್ಟೆ.
'ಐದಾ?' ಒಂದು ಹುಬ್ಬು ಮೇಲೆ.
'ನೋಡಿ ಬರ್ದಿದೀರ, ಇರ್ಲಿ. ನಾಲ್ಕು ಮಾಡ್ತೀನಿ.'
ಹಾಳೆ ತಿರುವಿದಳು. ಬೆನ್ನ ಮುಂದೆ ಅವರದೇ ಮ್ಯಾಚು.
ಬೆರಳು ಮನೆಮನೆಯ ಮೇಲೆ ನಡೆದು ಮೂರನೇ ಕ್ವಾರ್ಟರಿನಲ್ಲಿ ನಿಂತಿತು.
'ಸಾರ್, ಇಲ್ಲಿ ನಮ್ದೊಂದು ಬಾಸ್ಕೆಟ್ ಬಿಟ್ಟಿದೀರ. ಆ ಪಾಸು.'

ಬಸ್ಸು ಹೋಯಿತು.
ಬೀದಿದೀಪದ ಕೆಳಗೆ ಕೂಡಿದೆ. ಕಳೆದು ಮತ್ತೆ ಕೂಡಿದೆ.
ಹೌದು,
ಹದಿನೇಳು.