ನಾಲ್ಕನೇ ಸೀಟು

ಡೊಂಬಿವಲಿಯಿಂದ ಎಂಟು ಹದಿನೈದರ ಫಾಸ್ಟು.
ಮೂವರ ಬೆಂಚಿನ ತುದಿಗೆ ಅರ್ಧ ತೊಡೆ ಊರಿ
ಒಂದು ಕಾಲು ದಾರಿಗೆ ಚಾಚಿ ಕೂತವಳು ನಾನು.
ಕಿಟಕಿಗೆ ವನಜಕ್ಕ, ಮಡಿಲ ತುಂಬ ಬಟಾಣಿ;
ನಡುವೆ ಹೇಮಾಂಗಿ ಸಾಠೆ, ನಿದ್ದೆ;
ಆಮೇಲೆ ಫ್ಲೇವಿಯಾ, ಅವಳ ಮೊಣಕೈ.

ನನ್ನ ಕೆಲಸ ಕೇಳಿದರೆ ನಗುತ್ತಾರೆ:
ಯಾವ ಸಂಖ್ಯೆ ಕೊಟ್ಟರೂ ಅದನ್ನು
ವರ್ಗಗಳ ಮೊತ್ತವಾಗಿ ಒಡೆದು ಕೊಡುವ ಪ್ರೋಗ್ರಾಮು.
"ಇದಕ್ಕೂ ಪಗಾರ ಕೊಡ್ತಾರೇನೇ?" ವನಜಕ್ಕ ಕೇಳಿದ್ದಳು.
ಕೊಡುತ್ತಾರೆ. ಬೇಗ ಒಡೆದರೆ ಮಾತ್ರ.

ಮೊದಲು ಬರೆದದ್ದು ಸ್ಲೋ ಲೋಕಲ್ಲು.
ಒಂದರ ವರ್ಗ ಕಳೆದು ನೋಡು, ಎರಡರದು, ಮೂರರದು,
ಕೋಪರ್, ದಿವಾ, ಮುಂಬ್ರಾ, ಕಳವಾ,
ಯಾರೂ ಹತ್ತದಿದ್ದರೂ ನಿಂತು ನಿಂತು.
ನೂರು ಅಂಕಿಯ ಸಂಖ್ಯೆ ಕೊಟ್ಟರೆ
ಸೂರ್ಯ ಆರಿದರೂ ಠಾಣೆ ಬಾರದು.

ಆಮೇಲೆ ಫಾಸ್ಟು. ಎಂಟುನೂರ ಇಪ್ಪತ್ತೊಂದನ್ನೇ ಹಿಡಿಯಿರಿ
(ನಮ್ಮದು ತಪ್ಪಿದರೆ ಮುಂದಿನ ಗಾಡಿ).
ಇನ್ನೂರ ತೊಂಬತ್ತೈದರ ವರ್ಗಕ್ಕೆ ಒಂದು ಸೇರಿಸಿ,
ಶೇಷವಿಲ್ಲದೆ ಭಾಗವಾಗುತ್ತದೆ ಅದರಿಂದ.
ಆ ಒಂದು ಸುಳಿವು ಸಿಕ್ಕರೆ ಉಳಿದದ್ದೆಲ್ಲ
ನಾಲ್ಕನೇ ಕ್ಲಾಸಿನ ಭಾಗಾಕಾರ:
ಇನ್ನೂರ ಮೂವತ್ತೊಂದು, ಅರವತ್ತನಾಲ್ಕು, ಮೂವತ್ತೊಂಬತ್ತು,
ಇಪ್ಪತ್ತೈದು. ಇಲ್ಲಿ ಬ್ರೇಕು. ಪಕ್ಕದ್ದು ಹದಿನಾಲ್ಕು.
ಎರಡೇ ವರ್ಗ, ಬಾಗಿಲ ಗಾಳಿಗೆ ನಿಂತ ಜೋಡಿ.
ಬೇರೆ ಯಾವ ಜೋಡಿಯೂ ಆ ಸಂಖ್ಯೆಗೆ ಒಗ್ಗುವುದಿಲ್ಲ.

ಎಂಟುನೂರ ಹದಿನೈದು ಹಾಗಲ್ಲ, ಮೊಂಡು.
ಎಂಟರಿಂದ ಭಾಗಿಸಿದರೆ ಏಳು ಉಳಿಯುವ ಜಾತಿ;
ಮೂವರನ್ನು ಹೇಗೆ ಕೂರಿಸಿದರೂ ಸಾಲದು.
ಇಪ್ಪತ್ತೇಳರದು, ಏಳರದು, ಆರರದು ಕೂತ ಮೇಲೂ
ಒಂದು ಮಿಕ್ಕುತ್ತದೆ ತುದಿಯಲ್ಲಿ.
"ಅಂದ್ರೆ ನೀನಿಲ್ಲದೆ ಗಾಡಿ ಹೊರಡಲ್ಲ ಅನ್ನು,"
ಬಟಾಣಿ ಬಾಯಿಗೆ ಎಸೆದುಕೊಂಡಳು ವನಜಕ್ಕ.

ಜೂನಿನಲ್ಲಿ ಅವಳು ರಿಟೈರಾದಳು,
ಮಸ್ಜಿದ್ ಬಂದರಿನ ಗೋದಾಮಿನ ಬೀಗದ ಕೈ ಒಪ್ಪಿಸಿ.
ಒಬ್ಬೊಬ್ಬರೂ ಒಂದಿಷ್ಟು ಸರಿದೆವು.
ನನಗೀಗ ಪೂರ್ತಿ ಸೀಟು, ಎರಡೂ ಕಾಲಿಗೆ ಜಾಗ.
ತುದಿಗೆ ಎರಡು ದಿನ ಯಾರೂ ಕೂರಲಿಲ್ಲ, ಯಾಕೋ.
ಚೀಲದ ತಳದಲ್ಲಿ ಪಾಸು ಹುಡುಕುವಾಗ
ಬೆರಳಿಗೆ ಸಿಕ್ಕಿತು ಒಣಗಿದ ಒಂದು ಬಟಾಣಿ.

ಅದೇ ವಾರ ನನ್ನ ಕೋಡ್ ತಿದ್ದುವವನು ಬರೆದ:
ಇಪ್ಪತ್ತೈದು, ಹದಿನಾಲ್ಕು, ಸೊನ್ನೆ, ಸೊನ್ನೆ
ಎಂದು ಉತ್ತರ ಬರುತ್ತಿದೆ ನಿಮ್ಮದು.
ಆ ಸೊನ್ನೆಗಳು ಯಾಕೆ? ತೆಗೆಯಿರಿ, ಜಾಗ ದಂಡ.

ಘಾಟ್ಕೋಪರ್ ದಾಟುವಾಗ ಮೊಬೈಲಿನಲ್ಲೇ ಟೈಪು ಮಾಡಿದೆ:
ಸೊನ್ನೆಯೂ ವರ್ಗವೇ.
ಇನ್ನೇನೋ ಬರೆಯಹೋಗಿ ಅಳಿಸಿದೆ.
ತೆಗೆಯಲಿಲ್ಲ.